ಮಳೆ ಶುರುವಾದ ಮೇಲೆ ಏರಿದ ಕರೆಂಟು: ಮೂರು ಗಾಜಿನ ಡಿಟೆಕ್ಟರ್‌ಗಳ ಪ್ರಕರಣ

ಇದು ಕೆಲವು ವರ್ಷಗಳ ಹಿಂದೆ, ಮಳೆ ಜಾಸ್ತಿ ಬೀಳುವ ಊರಿನ ಒಂದು ವಿಶ್ವವಿದ್ಯಾಲಯದಲ್ಲಿ ನಡೆದದ್ದು. ಆಗ ನಾನು ಅಲ್ಲಿ ಸಂಶೋಧನಾ ವಿದ್ಯಾರ್ಥಿ. ಊರಿನ ಹೆಸರು, ವಿಭಾಗದ ಹೆಸರು, ಜನರ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಗುಂಪಿನಲ್ಲಿದ್ದವರಿಗೆ ತಿಳಿಸಿಯೇ ಬರೆಯುತ್ತಿದ್ದೇನೆ. ನಾವು ಐದು ತಿಂಗಳು ಕಳೆದುಕೊಂಡೆವು. ಒಂದು ಡಿಟೆಕ್ಟರ್ ಮತ್ತೆ ಬಳಸಲಾಗದ ಹಾಗೆ ಹಾಳಾಯಿತು. ಕಾರಣ ಹುಡುಕಲು ಬೇಕಿದ್ದ ಮಾಹಿತಿಯೆಲ್ಲ ಮೊದಲಿನಿಂದಲೂ ನಮ್ಮ ಎರಡು ನೋಟ್‌ಬುಕ್‌ಗಳಲ್ಲೇ ಇತ್ತು. ಗಾಜಿನ ಡಿಟೆಕ್ಟರ್ ಕಟ್ಟಲು ಹೊರಟಿರುವ ಬೇರೆ ಕಾಲೇಜುಗಳ ಹುಡುಗ ಹುಡುಗಿಯರಿಗೆ ಇದು ಮೊದಲೇ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಏನು ಕಟ್ಟಿದ್ದೆವು

ನಾವು ಕಟ್ಟಿದ್ದು ಆರ್‌ಪಿಸಿ, ಕಣ ಹಾದುಹೋದದ್ದನ್ನು ಗುರುತಿಸುವ ಡಿಟೆಕ್ಟರ್. ರೆಸಿಸ್ಟಿವ್ ಪ್ಲೇಟ್ ಚೇಂಬರ್ ಅಂತ ಪೂರ್ತಿ ಹೆಸರು. 1981ರಲ್ಲಿ ಇಟಲಿಯ ಸಾಂಟೋನಿಕೋ ಮತ್ತು ಕಾರ್ಡರೆಲ್ಲಿ ಇದನ್ನು ಮೊದಲು ಮಾಡಿ ತೋರಿಸಿದರು. ರಚನೆ ಸರಳ. ಎರಡು ಗಾಜಿನ ಹಲಗೆ, ನಡುವೆ 2 ಮಿಲಿಮೀಟರ್ ಸಂದು, ಸಂದಿನಲ್ಲಿ ಗ್ಯಾಸ್. ಗಾಜಿನ ಹೊರಮೈಗೆ ಗ್ರಾಫೈಟ್ ಬಳಿದು 10 ಕಿಲೋವೋಲ್ಟ್ ಕೊಡಬೇಕು, ಒಂದು ಕಡೆ ಪ್ಲಸ್ 5, ಇನ್ನೊಂದು ಕಡೆ ಮೈನಸ್ 5. ಆಕಾಶದಿಂದ ಸದಾ ಬೀಳುತ್ತಿರುವ ಮ್ಯೂಆನ್ ಅನ್ನುವ ಸೂಕ್ಷ್ಮ ಕಣ ಒಂದು ಹಾದು ಹೋದರೆ ಗ್ಯಾಸಿನಲ್ಲಿ ಸಣ್ಣದೊಂದು ವಿದ್ಯುತ್ ಹೊಮ್ಮುತ್ತದೆ. ಗಾಜು ವಿದ್ಯುತ್ತನ್ನು ತೀರ ಕಷ್ಟಪಟ್ಟು ಬಿಡುವ ವಸ್ತು. ಹಾಗಾಗಿ ಆ ಹೊಮ್ಮು ಅಲ್ಲೇ ಆರಿಹೋಗುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಹೊರಗಿನ ತಾಮ್ರದ ಪಟ್ಟಿಗಳಲ್ಲಿ ಸಿಗ್ನಲ್ ಸಿಗುತ್ತದೆ.

ಈ ಕೆಲಸಕ್ಕೆ ಕೈ ಹಾಕಲು ನಮಗೊಂದು ಹಿನ್ನೆಲೆ ಇತ್ತು. ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಅನ್ನುವ ಕಣಗಳ ಗುರುತು ಸಿಕ್ಕಿತ್ತು. ಮುಂಬೈಯ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳು ಸೇರಿ ಮಾಡಿದ ಕೆಲಸ ಅದು. ಮುಂದೆ ತಮಿಳುನಾಡಿನ ಥೇಣಿ ಹತ್ತಿರ ಭಾರತದ ನ್ಯೂಟ್ರಿನೋ ವೀಕ್ಷಣಾಲಯಕ್ಕೆ ಯೋಜನೆ ಹಾಕಿದಾಗ, 50 ಸಾವಿರ ಟನ್ ಕಬ್ಬಿಣದ ಪದರಗಳ ನಡುವೆ 28 ಸಾವಿರಕ್ಕೂ ಜಾಸ್ತಿ ಗಾಜಿನ ಆರ್‌ಪಿಸಿ ಇಡುವ ಲೆಕ್ಕಾಚಾರ ಇತ್ತು. ಅಷ್ಟು ದೊಡ್ಡ ಕೆಲಸಕ್ಕೆ ಈ ಡಿಟೆಕ್ಟರ್ ಕಟ್ಟಲು, ನಡೆಸಲು ಗೊತ್ತಿರುವ ಜನ ಬೇಕಲ್ವಾ? ನಮ್ಮ ಮಾರ್ಗದರ್ಶಕರ ಆಸೆ ಅದೇ ಆಗಿತ್ತು. ರಾಜ್ಯದ ಒಂದು ಸಾಮಾನ್ಯ ವಿಶ್ವವಿದ್ಯಾಲಯದಲ್ಲೂ ಈ ಕೈಕೆಲಸ ಬೇರೂರಬೇಕು ಅಂತ ಅವರು ಮೊದಲ ದಿನವೇ ಹೇಳಿದ್ದರು.

ನಾವು ಮಾಡಿದ್ದು ಸಣ್ಣವು. 30 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಅಂಗಡಿ ಗಾಜು. ಒಟ್ಟು ಮೂರು ಚೇಂಬರ್, ಒಂದರ ಮೇಲೊಂದು. ಸಮುದ್ರ ಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ಅಂದರೆ ನಮ್ಮ ಒಂದು ಚೇಂಬರಿನ ಮೇಲೆ ಸೆಕೆಂಡಿಗೆ 15ರಷ್ಟು. ಕಲಿಯಲು ಬೇಕಾದಷ್ಟಾಯಿತು. ಗ್ಯಾಸ್ ಮಿಶ್ರಣ ಈ ಬಗೆಯ ಚೇಂಬರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವಂಥದ್ದೇ: 95.2 ಭಾಗ ಆರ್-134ಎ, 4.5 ಭಾಗ ಐಸೋಬ್ಯುಟೇನ್, 0.3 ಭಾಗ ಸಲ್ಫರ್ ಹೆಕ್ಸಾಫ್ಲೋರೈಡ್.

ಇಲ್ಲಿ ಒಂದು ತೀರ್ಮಾನ ಆಯಿತು. ಆಗ ಅದು ಸಣ್ಣ ವಿಷಯ ಅನ್ನಿಸಿತ್ತು. ಐಸೋಬ್ಯುಟೇನ್ ಹೊತ್ತಿಕೊಳ್ಳುವ ಗ್ಯಾಸ್. ಹಾಗಾಗಿ ಸಿಲಿಂಡರುಗಳನ್ನು ಕಟ್ಟಡದ ಹೊರಗೆ ಒಂದು ಶೆಡ್ಡಿನಲ್ಲಿ ಇಟ್ಟೆವು. ಇದು ಸರಿಯಾದ ತೀರ್ಮಾನವೇ, ಇವತ್ತಿಗೂ ಹಾಗೇ ಮಾಡುತ್ತೇನೆ. ಆದರೆ ಶೆಡ್ಡಿನಿಂದ ಲ್ಯಾಬಿಗೆ ಉದ್ದ ದಾರಿ. ಪ್ರತಿ ಚೇಂಬರಿಗೂ ಬೇರೆ ಬೇರೆ ಟ್ಯೂಬ್ ಎಳೆದೆವು. 4 ಮಿಲಿಮೀಟರ್ ಒಳ ವ್ಯಾಸದ ಮೆತ್ತನೆಯ ಪ್ಲಾಸ್ಟಿಕ್ ಟ್ಯೂಬ್, ಎಲ್ಲ ಲ್ಯಾಬಿನಲ್ಲೂ ಸಿಗುವಂಥದ್ದು. ಒಂದನೇ ಚೇಂಬರಿಗೆ 18 ಮೀಟರ್, ಎರಡನೆಯದಕ್ಕೆ 20. ಮೂರನೆಯದಕ್ಕೆ ಸುರುಳಿಯಲ್ಲಿ ಉಳಿದಿದ್ದು 30 ಮೀಟರ್. ಸುಮ್ನೆ ಯಾಕೆ ಕತ್ತರಿಸುವುದು, ಮುಂದೆ ಜಾಗ ಬದಲಾದರೆ ಬೇಕಾಗಬಹುದು ಅಂತ ಉಳಿದದ್ದನ್ನು ಸುತ್ತಿ ಮೇಜಿನ ಕೆಳಗೆ ಇಟ್ಟೆವು.

ಫೆಬ್ರವರಿಯಲ್ಲಿ ಮೂರೂ ಚೇಂಬರ್ ಓಡಿದವು. 10 ಕಿಲೋವೋಲ್ಟಿನಲ್ಲಿ ಕರೆಂಟು 50 ನ್ಯಾನೋಆಂಪಿಯರ್ ಆಸುಪಾಸು. ದಕ್ಷತೆ 96 ಶೇಕಡಾ. ದಕ್ಷತೆ ಅಂದರೆ, ಮೇಲೆ ಕೆಳಗೆ ಇಟ್ಟ ಸಿಂಟಿಲೇಟರುಗಳು (ಕಣ ಹಾದುಹೋದರೆ ಮಿನುಗುವ ಬೇರೆ ಡಿಟೆಕ್ಟರುಗಳು) ಒಟ್ಟಿಗೆ ನೋಡಿದ ನೂರು ಮ್ಯೂಆನ್‌ಗಳಲ್ಲಿ ನಮ್ಮ ಚೇಂಬರ್ ಎಷ್ಟನ್ನು ನೋಡಿತು ಅನ್ನುವ ಲೆಕ್ಕ. ನಾಲ್ಕು ತಿಂಗಳು ಗಡಿಯಾರದ ಹಾಗೆ ನಡೆಯಿತು.

ಕರೆಂಟು ಏರಿತು

ಜೂನಿನಲ್ಲಿ ಮಳೆ ಹಿಡಿಯಿತು. ತಿಂಗಳ ಕೊನೆಗೆ ಮೂರನೇ ಚೇಂಬರಿನ ಕರೆಂಟು ಏರತೊಡಗಿತು. ಜುಲೈ ಕೊನೆಗೆ ಒಂದನೆಯದು 250, ಎರಡನೆಯದು 300, ಮೂರನೆಯದು 700 ನ್ಯಾನೋಆಂಪಿಯರ್.

ಮೊದಲು ಎಲ್ಲರಿಗೂ ಹೊಳೆದದ್ದು ಒಂದೇ. ಹೊರಗಿನ ತೇವ. ಮಳೆಗಾಲದಲ್ಲಿ ನಮ್ಮ ಊರಲ್ಲಿ ಗೋಡೆಯೇ ಬೆವರುತ್ತದೆ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. 10 ಕಿಲೋವೋಲ್ಟ್ ಇರುವ ಗಾಜಿನ ಅಂಚಿನಲ್ಲಿ ತೇವದ ಪದರ ಕೂತರೆ ಅದರ ಮೇಲೆ ಕರೆಂಟು ಹರಿಯದೆ ಇರುತ್ತದೆಯೇ? ಈ ಊಹೆ ಸರಿಯಾಗಿಯೂ ಇತ್ತು. ಅಂಚುಗಳನ್ನು ಆಲ್ಕೋಹಾಲಿನಿಂದ ಒರೆಸಿದೆವು, ಹೈವೋಲ್ಟೇಜ್ ಸೇರುವ ಜಾಗಕ್ಕೆ ಸಿಲಿಕೋನ್ ಅಂಟು ಹಚ್ಚಿದೆವು, ಲ್ಯಾಬಿಗೆ ತೇವ ಹೀರುವ ಯಂತ್ರ ತಂದೆವು. ಎರಡು ದಿನದಲ್ಲಿ ಕರೆಂಟು ಎಲ್ಲದರಲ್ಲೂ 100 ನ್ಯಾನೋಆಂಪಿಯರಿನಷ್ಟು ಇಳಿಯಿತು. ನಮಗೆ ಬಹಳ ಖುಷಿಯಾಯಿತು. ರೋಗ ಸಿಕ್ಕಿತು, ಮದ್ದೂ ಸಿಕ್ಕಿತು ಅಂದುಕೊಂಡೆವು.

ಅದೇ ನಮ್ಮನ್ನು ದಾರಿ ತಪ್ಪಿಸಿತು. ತೊಂದರೆಗೆ ಎರಡು ಕಾರಣ ಇದ್ದು, ಅದರಲ್ಲಿ ಚಿಕ್ಕದನ್ನು ಮೊದಲು ಸರಿಪಡಿಸಿದರೆ ದೊಡ್ಡದು ಕಣ್ಣಿಂದ ಮರೆಯಾಗುತ್ತದೆ. ಕರೆಂಟು ಇಳಿದದ್ದು ನಿಜ. ಒಂದು ವಾರದಲ್ಲಿ ಮತ್ತೆ ಏರಿದ್ದೂ ನಿಜ. ಆದರೆ ನಾವು ಯಂತ್ರದ ಶಕ್ತಿ ಸಾಲದು ಅಂತ ಇನ್ನೊಂದು ಯಂತ್ರಕ್ಕೆ ಅರ್ಜಿ ಹಾಕಿದೆವು.

ಈ ನಡುವೆ ದಕ್ಷತೆ ಬೀಳುತ್ತಿತ್ತು. ಮೂರನೆಯದು 88ಕ್ಕೆ ಬಂತು. ಆಗ ಮಾಡಿದ ಎರಡನೇ ತೀರ್ಮಾನ ನಮ್ಮ ಅತಿ ದೊಡ್ಡ ತಪ್ಪು. ವೋಲ್ಟೇಜ್ ಏರಿಸಿದೆವು. 10ರಿಂದ 10.4 ಕಿಲೋವೋಲ್ಟಿಗೆ. ದಕ್ಷತೆ ಎರಡು ದಿನ ಮೇಲೆ ಬಂತು, ಆಮೇಲೆ ಮೊದಲಿಗಿಂತ ಬೇಗ ಕುಸಿಯಿತು.

ಹೀಗೆ ಯಾಕಾಗುತ್ತದೆ ಅಂತ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. ಗಾಜಿನ ಎರಡೂ ಹಲಗೆ ಸೇರಿ 6 ಮಿಲಿಮೀಟರ್ ದಪ್ಪ, 900 ಚದರ ಸೆಂಟಿಮೀಟರ್ ವಿಸ್ತೀರ್ಣ. ಇಂಥ ಗಾಜಿನ ರೋಧ ಒಂದು ಸೆಂಟಿಮೀಟರ್ ಘನಕ್ಕೆ ಸುಮಾರು ಒಂದು ಲಕ್ಷ ಕೋಟಿ ಓಮ್ ಅಂತ ಹಿಡಿದರೆ, ನಮ್ಮ ಚೇಂಬರಿನ ಗಾಜಿನ ಒಟ್ಟು ರೋಧ 67 ಕೋಟಿ ಓಮ್ ಹತ್ತಿರ. 50 ನ್ಯಾನೋಆಂಪಿಯರ್ ಹರಿಯುವಾಗ ಗಾಜಿನಲ್ಲೇ ಕಳೆದುಹೋಗುವುದು 33 ವೋಲ್ಟ್ ಮಾತ್ರ. ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಅದೇ ಕರೆಂಟು 1 ಮೈಕ್ರೋಆಂಪಿಯರ್, ಅಂದರೆ 1000 ನ್ಯಾನೋಆಂಪಿಯರ್ ಆದರೆ 670 ವೋಲ್ಟ್ ಗಾಜಿನಲ್ಲೇ ಉಳಿಯುತ್ತದೆ. ಮೀಟರಿನಲ್ಲಿ 10 ಕಿಲೋವೋಲ್ಟ್ ಕಾಣುತ್ತದೆ, ಗ್ಯಾಸಿಗೆ ತಲುಪುವುದು 9.3. ಅಷ್ಟರಲ್ಲಿ ಚೇಂಬರ್ ಅರೆಕುರುಡಾಗುತ್ತದೆ. ವೋಲ್ಟೇಜ್ ಏರಿಸಿದರೆ ಕರೆಂಟು ಏರುತ್ತದೆ, ಕರೆಂಟು ಏರಿದರೆ ಗಾಜಿನಲ್ಲಿ ಇನ್ನೂ ಜಾಸ್ತಿ ಕಳೆಯುತ್ತದೆ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಆಗಸ್ಟ್ ಮಧ್ಯದಲ್ಲಿ ಮೂರನೆಯದು 2 ಮೈಕ್ರೋಆಂಪಿಯರ್ ದಾಟಿತು. ದಕ್ಷತೆ 60ಕ್ಕಿಂತ ಕೆಳಗೆ.

ಸೋರಿಕೆ ಇಲ್ಲ ಅಂದಿತು ಪರೀಕ್ಷೆ

ಗ್ಯಾಸಿನಲ್ಲಿ ಏನಾದರೂ ಸೇರುತ್ತಿದೆಯೇ ಅನ್ನುವ ಪ್ರಶ್ನೆ ನಮಗೂ ಬಂದಿತ್ತು. ಬರಲಿಲ್ಲ ಅಂತಲ್ಲ. ಯು ಆಕಾರದ ಕೊಳವೆಯಲ್ಲಿ ನೀರು ತುಂಬಿ ಸೋರಿಕೆ ಪರೀಕ್ಷೆ ಮಾಡಿದೆವು. ಟ್ಯೂಬ್ ಮತ್ತು ಚೇಂಬರ್ ಎರಡನ್ನೂ ಮುಚ್ಚಿ, ಹೊರಗಿನ ಗಾಳಿಗಿಂತ 20 ಮಿಲಿಮೀಟರ್ ನೀರಿನಷ್ಟು ಜಾಸ್ತಿ ಒತ್ತಡ ಕೊಟ್ಟು ನಾಲ್ಕು ಗಂಟೆ ಕಾದೆವು. ನೀರಿನ ಮಟ್ಟ ಅಲುಗಲಿಲ್ಲ. ಮೂರೂ ಚೇಂಬರ್ ಪಾಸಾದವು. ಒಳಗಿನ ಒತ್ತಡ ಹೊರಗಿಗಿಂತ ಜಾಸ್ತಿ, ತೂತಿಲ್ಲ, ಹಾಗಾದರೆ ಹೊರಗಿನದು ಒಳಗೆ ಬರಲು ಸಾಧ್ಯವೇ ಇಲ್ಲ. ಹೀಗೆ ವಾದ ಮಾಡಿದ್ದು ನಾನೇ. ಲಾಗ್ ಪುಸ್ತಕದಲ್ಲಿ ಬರೆದದ್ದೂ ನಾನೇ.

ಈ ವಾದ ಎಲ್ಲಿ ತಪ್ಪು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ಚೇಂಬರ್ ನಡೆಯುವಾಗ ಒಳಗೆ ಇರುವ ಹೆಚ್ಚುವರಿ ಒತ್ತಡ 3 ಮಿಲಿಮೀಟರ್ ನೀರಿನಷ್ಟು. ಅಂದರೆ 0.3 ಮಿಲಿಬಾರ್. ಇದು ಒಟ್ಟು ಗ್ಯಾಸಿನ ಲೆಕ್ಕ. ಆದರೆ ಪ್ಲಾಸ್ಟಿಕ್ಕಿನ ಗೋಡೆಯೊಳಗೆ ತೂರುವ ನೀರಾವಿ ಒಟ್ಟು ಒತ್ತಡವನ್ನು ಕೇಳುವುದಿಲ್ಲ. ಆಚೆ ಕಡೆ ನೀರಾವಿ ಎಷ್ಟಿದೆ, ಈಚೆ ಕಡೆ ಎಷ್ಟಿದೆ, ಅಷ್ಟೇ ಅದಕ್ಕೆ ಮುಖ್ಯ. 30 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವ ತುಂಬಿಕೊಂಡರೆ ನೀರಾವಿಯ ಒತ್ತಡ 42 ಮಿಲಿಬಾರ್. ಮಳೆಗಾಲದ 80 ಶೇಕಡಾ ತೇವಕ್ಕೆ 34. ಟ್ಯೂಬಿನೊಳಗೆ ಒಣ ಗ್ಯಾಸು, ಅಲ್ಲಿ ಹತ್ತಿರ ಹತ್ತಿರ ಸೊನ್ನೆ. ನಾವು 0.3 ಮಿಲಿಬಾರ್ ಒತ್ತಡ ಹೊರಕ್ಕೆ ಕೊಟ್ಟು ಬೇಲಿ ಹಾಕಿದ್ದೇವೆ ಅಂದುಕೊಂಡಿದ್ದೆವು. ಅದೇ ಹೊತ್ತಿಗೆ ನೀರಾವಿ 34 ಮಿಲಿಬಾರ್ ಒತ್ತಡದಲ್ಲಿ ಒಳಕ್ಕೆ ನುಗ್ಗುತ್ತಿತ್ತು. ತೂತು ಬೇಕಿಲ್ಲ. ಪ್ಲಾಸ್ಟಿಕ್ಕಿನ ಅಣುಗಳ ನಡುವೆಯೇ ಅದಕ್ಕೆ ದಾರಿ ಇದೆ. ಹೊಸ ಮಣ್ಣಿನ ಗಡಿಗೆ ಸೋರದೆ ಇದ್ದರೂ ಹೊರಮೈ ತಣ್ಣಗೆ ತೇವವಾಗಿರುವುದಿಲ್ಲವೇ, ಹೆಚ್ಚು ಕಡಿಮೆ ಹಾಗೆ, ದಿಕ್ಕು ಮಾತ್ರ ತಿರುಗಾಮುರುಗಾ.

ಪರೀಕ್ಷೆ ಸುಳ್ಳು ಹೇಳಲಿಲ್ಲ. ಗ್ಯಾಸ್ ಹೊರಗೆ ಸೋರುತ್ತಿದೆಯೇ ಅಂತ ಕೇಳಿದೆವು, ಇಲ್ಲ ಅಂದಿತು. ನೀರು ಒಳಗೆ ಬರುತ್ತಿದೆಯೇ ಅಂತ ನಾವು ಕೇಳಲೇ ಇಲ್ಲ.

ಇದೇ ಸಮಯದಲ್ಲಿ ಅನುಭವಿ ವಿಜ್ಞಾನಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಗ್ಯಾಸಿನಲ್ಲಿ ತೇವ ಇರಬಹುದೇ ಅಂತ ಕೇಳಿದೆವು. ಇದ್ದರೆ ಇರಲಿ ಬಿಡಿ, ನಾವು ಬೇಕಂತಲೇ ಸೇರಿಸುತ್ತೇವೆ ಅಂದರು. ಅವರು ಹೇಳಿದ್ದು ನಿಜ. ಯುರೋಪಿನ ಸರ್ನ್ ಅನ್ನುವ ಕಣವಿಜ್ಞಾನ ಕೇಂದ್ರದಲ್ಲಿ ಸಿಎಂಎಸ್, ಅಟ್ಲಾಸ್ ಪ್ರಯೋಗಗಳ ಆರ್‌ಪಿಸಿಗಳಿಗೆ ಗ್ಯಾಸಿನಲ್ಲಿ 40 ಶೇಕಡಾ ಆಸುಪಾಸು ತೇವ ಇರುವಂತೆ ನೋಡಿಕೊಳ್ಳುತ್ತಾರೆ. ಆದರೆ ಅವು ಬೇಕಲೈಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆಯವು. ಬೇಕಲೈಟ್ ಒಣಗಿದರೆ ಅದರ ರೋಧ ಏರಿಹೋಗುತ್ತದೆ, ಹಾಗಾಗಿ ನೀರು ಬೇಕು. ಗಾಜಿಗೆ ಬೇಡ. ಹೆಸರು ಒಂದೇ, ಹಲಗೆ ಬೇರೆ. ಅವರು ಬೇಕಲೈಟಿನಲ್ಲಿ ಜೀವಮಾನವಿಡೀ ದುಡಿದವರು, ಅವರ ಮಾತನ್ನು ನಾವು ಗಾಜಿಗೆ ಅನ್ವಯಿಸಿಕೊಂಡೆವು. ಯಾವ ಹಲಗೆಯ ಬಗ್ಗೆ ಹೇಳುತ್ತಿದ್ದೀರಿ ಸರ್ ಅಂತ ಒಬ್ಬರಾದರೂ ಕೇಳಬೇಕಿತ್ತು. ಮೂರು ವಾರ ತೇವದ ಮಾತು ಯಾರೂ ಎತ್ತಲಿಲ್ಲ.

ಸೊನ್ನೆಯಿಂದ ಎಳೆದ ಗೆರೆ

ತಿರುವು ಬಂದದ್ದು ಎಂಎಸ್ಸಿ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿಯಿಂದ. ಆಕೆ ಪ್ರಾಜೆಕ್ಟಿಗೆ ಅಂತ ಬಂದವಳು. ನಾವು ದಿನಾ ಬರೆಯುತ್ತಿದ್ದದ್ದು 10 ಕಿಲೋವೋಲ್ಟಿನಲ್ಲಿ ಕರೆಂಟು ಎಷ್ಟು ಅನ್ನುವ ಒಂದೇ ಸಂಖ್ಯೆ. ಆಕೆಗೆ ಪಾಠಕ್ಕೆ ಪೂರ್ತಿ ಗ್ರಾಫ್ ಬೇಕಿತ್ತು. ಹಾಗಾಗಿ ಸೊನ್ನೆಯಿಂದ ಶುರುಮಾಡಿ, 500 ವೋಲ್ಟಿಗೊಮ್ಮೆ ನಿಲ್ಲಿಸಿ, ಪ್ರತಿ ಸಲ ಹತ್ತು ನಿಮಿಷ ಕಾದು ಕರೆಂಟು ಬರೆದುಕೊಂಡಳು. ಒಂದು ಚೇಂಬರಿಗೆ ಅರ್ಧ ದಿನ ಹಿಡಿಯುವ ಕೆಲಸ. ಆಮೇಲೆ ಫೆಬ್ರವರಿಯಲ್ಲಿ ನಾವು ತೆಗೆದಿದ್ದ ಮೊದಲ ಗ್ರಾಫಿನ ಮೇಲೆ ಅದನ್ನು ಇಟ್ಟು ತಂದಳು.

ಆರ್‌ಪಿಸಿಯ ಗ್ರಾಫಿಗೆ ಎರಡು ಭಾಗ ಇರುತ್ತದೆ. 8 ಕಿಲೋವೋಲ್ಟ್ ಆಸುಪಾಸಿನವರೆಗೆ ನೇರ ಗೆರೆ. ಆಗ ಗ್ಯಾಸು ಇನ್ನೂ ಸುಮ್ಮನಿರುತ್ತದೆ, ಹರಿಯುವುದು ಅಂಚಿನಲ್ಲಿ, ಹಲಗೆಗಳ ನಡುವೆ ಸಂದು ಉಳಿಸಲು ಇಟ್ಟ ಗುಂಡಿಗಳ ಮೇಲೆ, ಮೇಲ್ಮೈಯಲ್ಲಿ. ಅದರಾಚೆ ಗೆರೆ ಮೇಲಕ್ಕೆ ಬಾಗುತ್ತದೆ. ಅದು ಗ್ಯಾಸಿನೊಳಗಿನ ಕರೆಂಟು. ಆಕೆಯ ಗ್ರಾಫಿನಲ್ಲಿ ಮೊದಲ ಭಾಗ ಫೆಬ್ರವರಿಯದರ ಮೇಲೆ ಸರಿಯಾಗಿ ಕೂತಿತ್ತು. ಎರಡನೇ ಭಾಗ ಗೋಡೆಯ ಹಾಗೆ ಮೇಲೆದ್ದಿತ್ತು.

ನಾವು ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡಿದೆವು. ಹೊರಗಿನ ತೇವದ ತೊಂದರೆ ಆಗಲೇ ಪೂರ್ತಿ ಪರಿಹಾರವಾಗಿತ್ತು. ಉಳಿದದ್ದೆಲ್ಲ ಒಳಗಿನದು. ಎರಡನೇ ಯಂತ್ರದ ಅರ್ಜಿಯನ್ನು ಅದೇ ಸಂಜೆ ವಾಪಸ್ ತೆಗೆದುಕೊಂಡೆವು.

ಎರಡು ನೋಟ್‌ಬುಕ್

ಒಳಗಿನದು ಅಂದ ಮೇಲೆ ಗ್ಯಾಸಿನ ಇತಿಹಾಸ ಬೇಕಾಯಿತು. ಲ್ಯಾಬಿನ ಲಾಗ್ ಪುಸ್ತಕದಲ್ಲಿ ಗ್ಯಾಸಿನ ಬಗ್ಗೆ ಏನೂ ಇರಲಿಲ್ಲ. ಗ್ಯಾಸ್ ಶೆಡ್ಡಿನಲ್ಲಿ ಬೇರೆ ಪುಸ್ತಕ ಇತ್ತು. ಅದನ್ನು ಬರೆಯುತ್ತಿದ್ದವರು ನಮ್ಮ ತಂತ್ರಜ್ಞರು, ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಇದ್ದವರು. ದಿನಕ್ಕೆ ಒಂದು ಸಾಲು: ಸಿಲಿಂಡರಿನ ಒತ್ತಡ, ಹರಿವು, ಹೊರಗಿನ ಹವೆ. ಒಂದು ದಿನವೂ ತಪ್ಪಿರಲಿಲ್ಲ.

ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟೆವು. ಜೂನ್ ಮೂರನೇ ವಾರದಲ್ಲಿ ಒಂದು ಸಾಲು. ಸಿಲಿಂಡರ್ ಖಾಲಿಯಾಗುತ್ತಿದೆ, ಹೊಸದು ಬರುವುದು ತಡ, ಮೇಲಿನಿಂದ ಹೇಳಿದಂತೆ ಹರಿವು ನಿಮಿಷಕ್ಕೆ 10 ಸಿಸಿಯಿಂದ 2 ಸಿಸಿಗೆ ಇಳಿಸಲಾಗಿದೆ. ಇದು ನಮ್ಮದೇ ತೀರ್ಮಾನ, ಒಂದು ಮೀಟಿಂಗಿನಲ್ಲಿ ಎರಡು ನಿಮಿಷದಲ್ಲಿ ಆದದ್ದು. ಈ ಗ್ಯಾಸುಗಳು ದುಬಾರಿ, ಜೊತೆಗೆ ವಾತಾವರಣಕ್ಕೆ ಕೆಟ್ಟವು. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆರ್-134ಎ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಜಾಸ್ತಿ, ಸಲ್ಫರ್ ಹೆಕ್ಸಾಫ್ಲೋರೈಡ್ ಇಪ್ಪತ್ತು ಸಾವಿರ ಪಟ್ಟಿಗೂ ಜಾಸ್ತಿ. ಉಳಿಸಿದರೆ ಒಳ್ಳೆಯದೇ ಅಲ್ವಾ ಅಂದುಕೊಂಡಿದ್ದೆವು.

ಆದರೆ ಲೆಕ್ಕ ನೋಡಿ. 18 ಮೀಟರ್ ಟ್ಯೂಬಿನೊಳಗೆ 226 ಸಿಸಿ ಗ್ಯಾಸ್ ಹಿಡಿಯುತ್ತದೆ. ನಿಮಿಷಕ್ಕೆ 10 ಸಿಸಿ ಹರಿದರೆ ಅದು ಟ್ಯೂಬಿನಲ್ಲಿ ಇರುವುದು 23 ನಿಮಿಷ. 2 ಸಿಸಿ ಆದರೆ ಎರಡು ಗಂಟೆ ಹತ್ತಿರ. ನೀರಾವಿ ಗೋಡೆಯಿಂದ ಒಂದೇ ವೇಗದಲ್ಲಿ ಬರುತ್ತಿರುತ್ತದೆ, ತೊಳೆದುಕೊಂಡು ಹೋಗುವ ಗ್ಯಾಸು ಐದರಲ್ಲಿ ಒಂದು ಪಾಲಾಯಿತು. ತೇವ ಐದು ಪಟ್ಟು ಏರಲೇಬೇಕು. ಅದೂ ಹೊರಗೆ ಮಳೆ ಸುರಿಯುತ್ತಿರುವಾಗ.

ಆಗ ಆ ವಿದ್ಯಾರ್ಥಿನಿಯೇ ಮೇಜಿನ ಕೆಳಗಿನ ಸುರುಳಿಯನ್ನು ತೋರಿಸಿದಳು. ಮೂರನೆಯದಕ್ಕೆ 30 ಮೀಟರ್. ಎರಡನೆಯದಕ್ಕೆ 20, ಒಂದನೆಯದಕ್ಕೆ 18. ಹಾಳಾದ ಕ್ರಮವೂ ಅದೇ.

ಅದೇ ವಾರ ಹಳೆಯ ಒಂದು ವರದಿ ಸಿಕ್ಕಿತು. ಜಪಾನಿನ ತ್ಸುಕುಬಾದಲ್ಲಿ ಕೆಇಕೆ ಅನ್ನುವ ಸಂಸ್ಥೆ ಇದೆ. ಅಲ್ಲಿನ ಬೆಲ್ ಪ್ರಯೋಗದ ಹೊರಪದರದಲ್ಲಿ ಗಾಜಿನ ಆರ್‌ಪಿಸಿಗಳೇ ಇದ್ದವು. 1990ರ ದಶಕದ ಕೊನೆಯಲ್ಲಿ ಅವರಿಗೂ ಇದೇ ಆಗಿತ್ತು. ಕರೆಂಟು ಏರಿತು, ದಕ್ಷತೆ ಬಿತ್ತು, ಕೊನೆಗೆ ನೋಡಿದರೆ ಪ್ಲಾಸ್ಟಿಕ್ ಟ್ಯೂಬಿನ ಗೋಡೆಯಿಂದ ನೀರಾವಿ ಬರುತ್ತಿತ್ತು. ಟ್ಯೂಬುಗಳನ್ನು ತಾಮ್ರಕ್ಕೆ ಬದಲಾಯಿಸಿದರು. ನಮಗೆ ಆದದ್ದು ಹೊಸದೇನಲ್ಲ, ಜಗತ್ತಿನ ಒಂದು ದೊಡ್ಡ ಪ್ರಯೋಗ ಆಗಲೇ ಅನುಭವಿಸಿ ಬರೆದಿಟ್ಟದ್ದು. ಗಾಜಿನ ಆರ್‌ಪಿಸಿ ಕಟ್ಟುವುದು ಹೇಗೆ ಅಂತ ನಾವು ಓದಿದ್ದೆವು, ಕೆಟ್ಟದ್ದು ಹೇಗೆ ಅಂತ ಹುಡುಕಿ ಓದಿರಲಿಲ್ಲ.

ನೀರು ಗಾಜನ್ನು ಏನು ಮಾಡುತ್ತದೆ ಅನ್ನುವುದು ಆಮೇಲೆ ಸ್ಪಷ್ಟವಾಯಿತು. ಆರ್-134ಎ ಫ್ಲೋರಿನ್ ಇರುವ ಗ್ಯಾಸ್. ಪ್ರತಿ ಹೊಮ್ಮಿನಲ್ಲೂ ಅದು ಸ್ವಲ್ಪ ಒಡೆಯುತ್ತದೆ. ಒಣಗಿದ್ದರೆ ತೊಂದರೆ ಕಡಿಮೆ. ನೀರಿದ್ದರೆ ಹೈಡ್ರೋಫ್ಲೋರಿಕ್ ಆಮ್ಲ ಆಗುತ್ತದೆ, ಅದು ಗಾಜನ್ನೇ ತಿನ್ನುವ ಆಮ್ಲ. ತಿಂದ ಜಾಗ ಒರಟಾಗುತ್ತದೆ, ಅಲ್ಲಿ ಬೇಕಿಲ್ಲದ ಹೊಮ್ಮುಗಳು ಜಾಸ್ತಿಯಾಗುತ್ತವೆ, ಹೊಮ್ಮು ಜಾಸ್ತಿಯಾದರೆ ಗ್ಯಾಸು ಇನ್ನೂ ಒಡೆಯುತ್ತದೆ. ವೋಲ್ಟೇಜ್ ಏರಿಸಿ ನಾವು ಮಾಡಿದ್ದು ಇದನ್ನೇ.

ಊಹೆ ಸಾಲದು, ಅಳೆಯಬೇಕಿತ್ತು. ಬೇರೆ ವಿಭಾಗದಿಂದ ಇಬ್ಬನಿ ಬಿಂದು ಅಳೆಯುವ ಮೀಟರನ್ನು ಒಂದು ವಾರಕ್ಕೆ ಕೇಳಿ ತಂದೆವು. ಇಬ್ಬನಿ ಬಿಂದು ಅಂದರೆ ಗ್ಯಾಸನ್ನು ಎಷ್ಟು ಡಿಗ್ರಿಗೆ ತಣ್ಣಗೆ ಮಾಡಿದರೆ ಅದರಲ್ಲಿರುವ ನೀರಾವಿ ಇಬ್ಬನಿಯಾಗಿ ಕೂರುತ್ತದೆ ಅನ್ನುವ ಲೆಕ್ಕ, ಕೆಳಗಿದ್ದಷ್ಟೂ ಗ್ಯಾಸು ಒಣ. ಶೆಡ್ಡಿನಲ್ಲಿ ಗ್ಯಾಸ್ ಮಿಶ್ರಣವಾಗಿ ಹೊರಡುವ ಜಾಗದಲ್ಲಿ ಮೈನಸ್ 45 ಡಿಗ್ರಿ. ಅಂದರೆ ಹತ್ತು ಲಕ್ಷದಲ್ಲಿ 70 ಪಾಲು ನೀರು. ಒಂದನೇ ಚೇಂಬರಿನ ಬಾಯಲ್ಲಿ ಮೈನಸ್ 8, ಅಂದರೆ 3000 ಪಾಲು. ಮೂರನೆಯದರ ಬಾಯಲ್ಲಿ ಮೈನಸ್ 2, ಅಂದರೆ 5000 ಪಾಲು. 18 ಮೀಟರಿಗೆ 3000, 30 ಮೀಟರಿಗೆ 5000. ಉದ್ದಕ್ಕೆ ತಕ್ಕ ನೀರು. ಆ ಎರಡು ಸಂಖ್ಯೆ ಬರೆದಾಗ ಲ್ಯಾಬಿನಲ್ಲಿ ಯಾರೂ ಮಾತಾಡಲಿಲ್ಲ.

ಖಾತ್ರಿಗೆ ಇನ್ನೊಂದು ಪರೀಕ್ಷೆ ಮಾಡಿದೆವು. ಒಂದನೆಯದರ ಟ್ಯೂಬಿನಲ್ಲಿ ಅರ್ಧ ಭಾಗ ತೆಗೆದು ಅಷ್ಟೇ ಉದ್ದದ ತಾಮ್ರ ಹಾಕಿದೆವು. ನೀರು 1600 ಪಾಲಿಗೆ ಇಳಿಯಿತು. ಇನ್ನು ಅನುಮಾನ ಉಳಿಯಲಿಲ್ಲ.

ತಾಮ್ರ ಹಾಕಿದ್ದು

ತಾಮ್ರ ತಂದದ್ದು ಊರಿನ ಎಸಿ ರಿಪೇರಿ ಅಂಗಡಿಯಿಂದ. ಅಲ್ಲಿನ ಮೆಕ್ಯಾನಿಕ್ ಟ್ಯೂಬಿನ ತುದಿ ಅಗಲಿಸಿ ನಟ್ ಕೂರಿಸಲು ಲ್ಯಾಬಿಗೇ ಬಂದ. ಸಿಲಿಂಡರಿನ ಮೇಲೆ ಆರ್-134ಎ ಅಂತ ಓದಿ, ಡ್ರೈಯರ್ ಹಾಕಿಲ್ವಾ ಸರ್ ಅಂತ ಕೇಳಿದ. ಕಾರಿನ ಎಸಿಯಲ್ಲೂ ಇದೇ ಗ್ಯಾಸು. ಒಳಗೆ ನೀರು ಸೇರಿದರೆ ಆಮ್ಲ ಆಗಿ ಎಲ್ಲ ತಿಂದುಹಾಕುತ್ತದೆ, ಅದಕ್ಕೇ ತೇವ ಹೀರುವ ಡಬ್ಬಿ ಇಲ್ಲದೆ ನಾವು ಗ್ಯಾಸ್ ತುಂಬುವುದೇ ಇಲ್ಲ ಅಂದ. ಅವನಿಗೆ ಇದು ದಿನನಿತ್ಯದ ತಿಳಿವಳಿಕೆ. ಆ ಮಾತಿನ ಮೇಲೆ ನಾವು ಪ್ರತಿ ದಾರಿಗೂ ತೇವ ಹೀರುವ ಹರಳಿನ ಡಬ್ಬಿ ಸೇರಿಸಿದೆವು. ನಿಮ್ಮ ಸುತ್ತಮುತ್ತ ಇದೇ ವಸ್ತುವನ್ನು ಬೇರೆ ಕೆಲಸಕ್ಕೆ ಬಳಸುವವರು ಇದ್ದರೆ ಮೊದಲೇ ಹೋಗಿ ಮಾತಾಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಎರಡು ಪ್ರಾಯೋಗಿಕ ವಿಷಯ. ಎಸಿ ತಾಮ್ರದ ಒಳಗೆ ಎಣ್ಣೆ ಉಳಿದಿರಬಹುದು, ಅಸಿಟೋನ್ ಹಾಯಿಸಿ, ಆಮೇಲೆ ಒಣ ನೈಟ್ರೋಜನ್ ಬಿಟ್ಟು ಒಣಗಿಸಬೇಕು. ಇನ್ನೊಂದು, ತಾಮ್ರ ವಿದ್ಯುತ್ ಹರಿಸುತ್ತದೆ. ಚೇಂಬರಿಗೆ ನೇರ ಮುಟ್ಟಿಸಬೇಡಿ. ನಾವು ಕೊನೆಯ 15 ಸೆಂಟಿಮೀಟರ್ ಮಾತ್ರ ಪ್ಲಾಸ್ಟಿಕ್ ಉಳಿಸಿದೆವು, ತಾಮ್ರವನ್ನು ಅರ್ತ್ ಮಾಡಿದೆವು.

ಹರಿವನ್ನು ಮತ್ತೆ 10 ಸಿಸಿಗೆ ತಂದೆವು. ಇಬ್ಬನಿ ಬಿಂದು ಮೂರರಲ್ಲೂ ಮೈನಸ್ 40ರ ಕೆಳಗೆ ಹೋಯಿತು. ವೋಲ್ಟೇಜ್ ಕೊಡಲು ಆತುರ ಪಡಲಿಲ್ಲ. ಎರಡು ವಾರ ಬರೀ ಒಣ ಗ್ಯಾಸ್ ಹರಿಸಿದೆವು, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿದೆವು. ಒಂದನೆಯದು ಮೂರು ವಾರದಲ್ಲಿ 70 ನ್ಯಾನೋಆಂಪಿಯರಿಗೆ ಬಂತು, ದಕ್ಷತೆ 95. ಎರಡನೆಯದು 120ಕ್ಕೆ ನಿಂತಿತು, ದಕ್ಷತೆ 93, ಬಳಸಬಹುದು. ಮೂರನೆಯದು 900ರಿಂದ ಕೆಳಗೆ ಇಳಿಯಲೇ ಇಲ್ಲ. ಡಿಸೆಂಬರಿನಲ್ಲಿ ಅದನ್ನು ಬಿಚ್ಚಿದೆವು. ಗ್ಯಾಸ್ ಒಳಬರುವ ಮೂಲೆಯಲ್ಲಿ ಅಂಗೈ ಅಗಲದ ಮಂಜು ಹಿಡಿದ ಹಾಗಿನ ಕಲೆ. ಬೆಳಕಿಗೆ ಹಿಡಿದರೆ ಗಾಜು ಮಸುಕು. ಆಮ್ಲದ ಭಯಕ್ಕೆ ಕೈಗವಸು ಹಾಕಿಕೊಂಡು ಸವರಿದರೂ ಒರಟು ಗೊತ್ತಾಗುತ್ತಿತ್ತು.

ಆ ಗಾಜು ಈಗಲೂ ಲ್ಯಾಬಿನ ಬೀರುವಿನಲ್ಲಿದೆ, ಹೊಸಬರಿಗೆ ಮೊದಲ ದಿನ ತೋರಿಸುತ್ತಾರೆ. ಕರೆಂಟನ್ನು ಈಗ ಒಂದು ಸಂಖ್ಯೆಯಾಗಿ ಬರೆಯುವುದಿಲ್ಲ, 6 ಕಿಲೋವೋಲ್ಟಿನಲ್ಲಿ ಒಂದು, 10ರಲ್ಲಿ ಒಂದು. ಮೊದಲನೆಯದು ಏರಿದರೆ ಹೊರಗೆ ನೋಡು, ಎರಡನೆಯದು ಮಾತ್ರ ಏರಿದರೆ ಒಳಗೆ ನೋಡು. ಕರೆಂಟು ಏರುತ್ತಿರುವಾಗ ದಕ್ಷತೆ ಬಿದ್ದರೆ ವೋಲ್ಟೇಜ್ ಏರಿಸಬಾರದು ಅಂತ ಹೈವೋಲ್ಟೇಜ್ ಪೆಟ್ಟಿಗೆಯ ಮೇಲೇ ಅಂಟಿಸಿದ್ದಾರೆ. ಹರಿವು ಬದಲಾಯಿಸಬೇಕಾದರೆ ಮೊದಲು ನೀರಿನ ಲೆಕ್ಕ ಹಾಕಬೇಕು. ಶೆಡ್ಡಿನ ಪುಸ್ತಕ, ಲ್ಯಾಬಿನ ಪುಸ್ತಕ ಅಂತ ಎರಡಿಲ್ಲ. ಒಂದೇ ದೊಡ್ಡ ಪುಸ್ತಕ, ಎಡಪುಟದಲ್ಲಿ ಗ್ಯಾಸು, ಬಲಪುಟದಲ್ಲಿ ಕರೆಂಟು. ಇಬ್ಬನಿ ಬಿಂದುವಿನ ಮೀಟರ್ ಸ್ವಂತದ್ದು ಕೊಂಡದ್ದಕ್ಕೆ ಮೂರನೇ ಚೇಂಬರಿಗಿಂತ ಜಾಸ್ತಿ ಖರ್ಚಾಯಿತು, ಆದರೂ ಕೊಂಡದ್ದು ಸರಿ ಅಂತ ನನಗೆ ಅನುಮಾನವೇ ಇಲ್ಲ.

ನಾನು ಆ ಊರು ಬಿಟ್ಟು ಬಂದು ಕೆಲವು ವರ್ಷ ಆಯಿತು. ಕಳೆದ ಸಲ ಹೋದಾಗ ಜೂನ್. ಹೊರಗೆ ಜೋರು ಮಳೆ. ತಂತ್ರಜ್ಞರು ಶೆಡ್ಡಿನಿಂದ ಕೊಡೆ ಹಿಡಿದು ಬಂದು, ಕೈ ಒರೆಸಿಕೊಂಡು, ಪುಸ್ತಕದ ಎಡಪುಟದಲ್ಲಿ ಆ ದಿನದ ಸಾಲು ಬರೆದರು: ಮಳೆ. ಹರಿವು 10. ಇಬ್ಬನಿ ಬಿಂದು ಮೈನಸ್ 41.